ಎಂಜಿನ್ ಕೈಕೊಟ್ಟಾಗ: ಬಿಚ್ಚಿ ಕಟ್ಟುವುದೋ, ಬೇರೆಯದನ್ನೇ ಕೂರಿಸುವುದೋ

ಓಡುತ್ತಿರುವಾಗ ಆಯಿಲ್ ಪ್ರೆಶರ್ ದೀಪ ಹತ್ತಿ, ಕೆಳಗಿನಿಂದ ಟಕಟಕ ಸದ್ದು ಶುರುವಾಯಿತು ಅಂದರೆ ಮಾಡಬೇಕಾದ ಕೆಲಸ ಒಂದೇ, ಎಂಜಿನ್ ಆರಿಸುವುದು. ಗ್ಯಾರೇಜಿನ ತನಕ ನಿಧಾನವಾಗಿ ಹೋಗಿಬಿಡೋಣ ಅಂದುಕೊಳ್ಳುವ ಆ ಐದಾರು ಕಿಲೋಮೀಟರಿನಲ್ಲೇ ಬೇರಿಂಗ್ ಹಾಕಿ ಮುಗಿಸಬಹುದಾಗಿದ್ದ ಕೆಲಸ ಎಂಜಿನ್‌ನ ಮುಖ್ಯ ಶಾಫ್ಟ್ ಆದ ಕ್ರ್ಯಾಂಕ್‌ಶಾಫ್ಟ್‌ಗೆ ಹೋಗುತ್ತದೆ. ಕನೆಕ್ಟಿಂಗ್ ರಾಡ್ ಮುರಿದು ಬ್ಲಾಕಿನಲ್ಲಿ ತೂತು ಬಿದ್ದರೆ ರಿಪೇರಿಯೋ ಬದಲಿಯೋ ಎಂದು ಯೋಚಿಸುವ ಅವಕಾಶವೂ ಉಳಿಯುವುದಿಲ್ಲ. ಟೋ ಮಾಡಿಸಿ. ಯಾವ ಸಿಲಿಂಡರಿನ ಸದ್ದು ಎಂದು ಕೇಳಲು ಇನ್ನೊಂದು ಸಲ ಸ್ಟಾರ್ಟ್ ಕೂಡ ಮಾಡಬೇಡಿ.

ಕಾರು ನಿಂತ ಮರುದಿನವೇ "ರಿಬಿಲ್ಡ್ ಮಾಡಿಸಲೋ, ಬೇರೆ ಎಂಜಿನ್ ತರಲೋ" ಎಂದು ಕೇಳುವವರೇ ಹೆಚ್ಚು. ಆಗ ಯಾರು ಏನು ಹೇಳಿದರೂ ಅದು ಊಹೆಯೇ. ರಿಬಿಲ್ಡ್‌ನ ನಿಜವಾದ ಖರ್ಚು ಎಂಜಿನ್ ಬಿಚ್ಚಿ ಅಳೆದ ಮೇಲೆ ಗೊತ್ತಾಗುತ್ತದೆ. ಹಳೇ ಕಾರಿನಿಂದ ತೆಗೆದ ಎಂಜಿನ್‌ನ ನಿಜವಾದ ಖರ್ಚು ಅದು ಕೂತು ಕೆಲವು ಸಾವಿರ ಕಿಲೋಮೀಟರ್ ಓಡಿದ ಮೇಲೆ ಗೊತ್ತಾಗುತ್ತದೆ. ಮೊದಲನೆಯದನ್ನು ಅಳೆದು ತಿಳಿಯಬಹುದು, ಎರಡನೆಯದರಲ್ಲಿ ಕಾಯಬೇಕು. ಅದಕ್ಕೇ ತೀರ್ಮಾನಕ್ಕೆ ಮುಂಚೆ ಈ ಎಂಜಿನ್ ಯಾಕೆ ಹೋಯಿತು ಎಂದು ಕಂಡುಕೊಳ್ಳುವುದಕ್ಕೆ ಹಣ ಹಾಕಿ. ಆ ಹಣ ದಂಡವಾಗುವುದಿಲ್ಲ.

ಶುರು ಮಾಡಬೇಕಾದದ್ದು ಆಯಿಲ್ ಫಿಲ್ಟರಿನಿಂದ. ಡಬ್ಬಿಯ ಥರದ್ದಾದರೆ ಹ್ಯಾಕ್ಸಾ ಹಿಡಿಯಬೇಡಿ, ಅದರ ಪುಡಿಯೇ ಒಳಗೆ ಬಿದ್ದು ದಾರಿ ತಪ್ಪಿಸುತ್ತದೆ. ಫಿಲ್ಟರ್ ಕಟರ್ ಬೇಕು. ಒಳಗಿನ ಮಡಿಕೆ ಕಾಗದವನ್ನು ಕತ್ತರಿಸಿ, ಬಟ್ಟೆಯಲ್ಲಿ ಸುತ್ತಿ ವೈಸಿನಲ್ಲಿ ಹಿಂಡಿ, ಬಿಳಿ ಹಾಳೆಯ ಮೇಲೆ ಬಿಚ್ಚಿ ಹರಡಿ ಬಿಸಿಲಿಗೆ ಹಿಡಿಯಿರಿ. ಹಾಳೆಯ ಕೆಳಗೆ ಮ್ಯಾಗ್ನೆಟ್ ಆಡಿಸಿ. ಅದರ ಹಿಂದೆ ಓಡುವ ಪುಡಿ ಕಬ್ಬಿಣದ್ದು: ಕ್ಯಾಮ್, ಚೈನ್, ಬಾಲ್ ಬೇರಿಂಗ್, ಪಿಸ್ಟನ್ ರಿಂಗ್ ಇವುಗಳಲ್ಲಿ ಯಾವುದೋ ಒಂದು. ಅಲುಗಾಡದೆ ಬೆಳ್ಳಗೆ ಹೊಳೆಯುವುದು ಅಲ್ಯೂಮಿನಿಯಂ, ಅಂದರೆ ಪಿಸ್ಟನ್, ಅಥವಾ ಅಲ್ಯೂಮಿನಿಯಂ ಲೇಪದ ಬೇರಿಂಗ್. ತಾಮ್ರದ ಬಣ್ಣದ ಚೂರು ಕಂಡರೆ ಬೇರಿಂಗಿನ ಮೇಲ್ಪದರ ಸವೆದು ಒಳಪದರ ಕಿತ್ತು ಬರುತ್ತಿದೆ ಎಂದರ್ಥ.

ಆಮೇಲೆ ಲೀಕ್‌ಡೌನ್ ಪರೀಕ್ಷೆ. ಕಂಪ್ರೆಶನ್ ಪರೀಕ್ಷೆ ಸಾಲದು, ಅದು ಒತ್ತಡ ಕಡಿಮೆ ಇದೆ ಎನ್ನುತ್ತದೆಯೇ ಹೊರತು ಎಲ್ಲಿ ಸೋರುತ್ತಿದೆ ಎನ್ನುವುದಿಲ್ಲ. ಪಿಸ್ಟನ್ ಅನ್ನು ಕಂಪ್ರೆಶನ್ ಹೊಡೆತದ ತುತ್ತತುದಿಗೆ ತಂದು, ಕ್ರ್ಯಾಂಕ್ ತಿರುಗದಂತೆ ಹಿಡಿದು, ಪ್ಲಗ್ ತೂತಿನಿಂದ ಸುಮಾರು 7 ಬಾರ್ ಗಾಳಿ ಬಿಡಿ. 10%ಕ್ಕಿಂತ ಕಡಿಮೆ ಸೋರಿದರೆ ಆ ಸಿಲಿಂಡರ್ ಗಟ್ಟಿ. 20% ದಾಟಿದರೆ ಕೆಲಸ ಇದೆ. ಕಿವಿ ಕೊಟ್ಟು ಕೇಳಿ: ಸೈಲೆನ್ಸರಿನಲ್ಲಿ ಉಸ್ಸೆಂದರೆ ಎಕ್ಸಾಸ್ಟ್ ವಾಲ್ವ್, ಥ್ರಾಟಲ್ ಕಡೆ ಕೇಳಿಸಿದರೆ ಇಂಟೇಕ್ ವಾಲ್ವ್, ಆಯಿಲ್ ತುಂಬುವ ಮುಚ್ಚಳದಲ್ಲಿ ಕೇಳಿಸಿದರೆ ರಿಂಗ್ ಅಥವಾ ಬೋರ್ (ಸಿಲಿಂಡರಿನ ಒಳಗೋಡೆ), ಕೂಲಂಟಿನಲ್ಲಿ ಗುಳ್ಳೆ ಎದ್ದರೆ ಹೆಡ್ ಗ್ಯಾಸ್ಕೆಟ್ ಅಥವಾ ಬಿರುಕು. ವಾಲ್ವ್ ಇಲ್ಲವೇ ಗ್ಯಾಸ್ಕೆಟ್ ಮಾತ್ರ ಹೋಗಿ, ಫಿಲ್ಟರಿನಲ್ಲಿ ಲೋಹ ಇಲ್ಲದಿದ್ದರೆ ಹೆಡ್ ಕೆಲಸದಲ್ಲೇ ಮುಗಿಯಬಹುದು. ಇಡೀ ಎಂಜಿನ್ ಬದಲಿಸುವ ಮಾತು ಅಲ್ಲಿಗೆ ಬಿಡಿ. ಆದರೆ ಜೋರಾಗಿ ಓವರ್‌ಹೀಟ್ ಆಗಿದ್ದರೆ ಅಲ್ಯೂಮಿನಿಯಂ ಹೆಡ್‌ನ ಸಮತಟ್ಟಿನ ಜೊತೆ ಗಡಸುತನವನ್ನೂ ಅಳೆಸಿ. ಮೆತ್ತಗಾದ ಹೆಡ್ ಅನ್ನು ಎಷ್ಟು ಸಲ ಸಮ ಮಾಡಿಸಿದರೂ ಬೋಲ್ಟಿನ ಬಿಗಿ ಹಿಡಿಯುವುದಿಲ್ಲ.

ಸದ್ದು ಕೆಳಗಿನಿಂದಲೇ ಬರುತ್ತಿದ್ದರೆ ಸಂಪ್ (ಎಂಜಿನ್ ಕೆಳಗಿನ ಆಯಿಲ್ ತಟ್ಟೆ) ಇಳಿಸಿ. ಒಂದೊಂದೇ ರಾಡ್ ಹಿಡಿದು ಅಲುಗಾಡಿಸಿ. ಕ್ರ್ಯಾಂಕಿನ ಉದ್ದಕ್ಕೆ ಸ್ವಲ್ಪ ಜರುಗುವುದು ಸಹಜ, ಮೇಲೆ ಕೆಳಗೆ ಆಟ ಕೈಗೆ ಸಿಕ್ಕರೆ ಆ ಬೇರಿಂಗ್ ಹೋಗಿದೆ. ರಾಡ್‌ನ ಕೆಳಗಿನ ಕ್ಯಾಪ್ ಬಿಚ್ಚಿ, ಬೇರಿಂಗ್ ಕೂರುವ ಕ್ರ್ಯಾಂಕಿನ ನಯವಾದ ಭಾಗ ಅಂದರೆ ಜರ್ನಲ್ ಮೇಲೆ ಉಗುರು ಎಳೆಯಿರಿ. ಉಗುರು ಸಿಕ್ಕಿಕೊಳ್ಳುವಷ್ಟು ಗೀರು ಬಿದ್ದಿದ್ದರೆ ಪಾಲಿಶ್‌ನಿಂದ ಹೋಗುವುದಿಲ್ಲ, ಗ್ರೈಂಡ್ ಮಾಡಿಸಬೇಕು. ಗೀರಿಲ್ಲದಿದ್ದರೂ ಮೈಕ್ರೋಮೀಟರಿನಲ್ಲಿ ನಾಲ್ಕು ಕಡೆ ಅಳೆಯಿರಿ, ಉರುಟುತನದಲ್ಲಿ 0.02 ಮಿ.ಮೀ. ವ್ಯತ್ಯಾಸ ಬಂದರೂ ಗ್ರೈಂಡಿಂಗಿನ ಮಾತೇ. 52 ಮಿ.ಮೀ. ಜರ್ನಲ್‌ಗೆ ಬೇರಿಂಗ್ ಸಂದು ಸುಮಾರು 0.05 ಮಿ.ಮೀ. ಎಂಬುದು ಹಳೇ ಲೆಕ್ಕ. ಖಚಿತ ಅಳತೆಗೆ ಆ ಎಂಜಿನ್‌ನ ಸರ್ವಿಸ್ ಮ್ಯಾನುವಲ್ಲೇ ಗತಿ.

ರಿಬಿಲ್ಡ್ ಆಗುತ್ತದೋ ಇಲ್ಲವೋ ಎಂಬುದು ಬಹಳ ಸಲ ಕ್ರ್ಯಾಂಕಿನಲ್ಲೇ ತೀರ್ಮಾನವಾಗುತ್ತದೆ. ಸ್ಪೋರ್ಟ್ಸ್ ಕಾರುಗಳ ಕ್ರ್ಯಾಂಕ್ ಹಲವು ನೈಟ್ರೈಡ್ ಮಾಡಿದವು (ಮೇಲ್ಮೈಗೆ ಸಾರಜನಕ ಹಿಡಿಸಿ ಗಡಸು ಮಾಡಿದವು), ಆ ಗಡಸು ಪದರ ತೀರಾ ತೆಳು. 0.25 ಮಿ.ಮೀ. ಗ್ರೈಂಡ್ ಮಾಡಿದರೆ ಮತ್ತೆ ನೈಟ್ರೈಡ್ ಮಾಡಿಸಬೇಕು, ಜರ್ನಲ್ ಅಂಚಿನ ದುಂಡನೆ ತಿರುವನ್ನು ಹಾಗೇ ಉಳಿಸಬೇಕು. ಅದು ಚೂಪಾದರೆ ಬಿರುಕು ಅಲ್ಲಿಂದಲೇ ಹುಟ್ಟುತ್ತದೆ. ಆ ಅಂಡರ್‌ಸೈಜ್‌ಗೆ (ಗ್ರೈಂಡ್ ಆಗಿ ಚಿಕ್ಕದಾದ ಅಳತೆಗೆ) ಬೇರಿಂಗ್ ಸಿಗುತ್ತದೆಯೇ ಎಂದು ಗ್ರೈಂಡಿಂಗ್‌ಗೆ ಕೊಡುವ ಮೊದಲೇ ಕೇಳಿ, ಕೆಲವು ಎಂಜಿನ್‌ಗಳಿಗೆ ಸಿಗುವುದೇ ಇಲ್ಲ. ಬೇರಿಂಗ್ ಹಿಡಿತ ತಪ್ಪಿ ಸುತ್ತಿಹೋದ ರಾಡ್ ಬಿಸಿಗೆ ನೀಲಿಗಟ್ಟಿದ್ದರೆ ಎಸೆಯಿರಿ. ಈಗಿನ ರಾಡ್‌ಗಳಲ್ಲಿ ಬಹುಪಾಲು ಒಡೆದು ಸೀಳಿದ ಕ್ಯಾಪ್‌ನವು. ಆ ಒರಟು ಜೋಡಣೆಯನ್ನು ಹಳೇ ರಾಡ್‌ನಂತೆ ಉಜ್ಜಿ ಸರಿಪಡಿಸಲು ಬರುವುದಿಲ್ಲ.

ಎಂಜಿನ್ ಯಾವುದು ಎಂಬುದೂ ಉತ್ತರವನ್ನು ಬದಲಿಸುತ್ತದೆ. 2008ರವರೆಗಿನ ಪೋರ್ಷೆ ಬಾಕ್ಸ್‌ಸ್ಟರ್ ಮತ್ತು ಸಾಮಾನ್ಯ 911ರ ಎಂ96, ಎಂ97 ಎಂಜಿನ್‌ಗಳಿಗೆ ಎರಡು ಹೆಸರಾಂತ ಕಾಯಿಲೆ: ಇಂಟರ್‌ಮೀಡಿಯೇಟ್ ಶಾಫ್ಟ್ ಬೇರಿಂಗ್, ಮತ್ತು ಲೋಕಾಸಿಲ್ (ಸಿಲಿಕಾನ್ ಸೇರಿಸಿದ ಅಲ್ಯೂಮಿನಿಯಂ) ಬೋರಿನಲ್ಲಿ ಬೀಳುವ ಗೀರು. ಗೀರು ಬಿದ್ದರೂ ಕಂಪ್ರೆಶನ್ ಚೆನ್ನಾಗಿಯೇ ತೋರಿಸಬಹುದು, ಯಾಕೆಂದರೆ ಗೀರು ಹೆಚ್ಚಾಗಿ ಬೋರಿನ ಕೆಳಭಾಗದಲ್ಲಿರುತ್ತದೆ. ಸಂಪ್ ಕಡೆಯಿಂದ ಬೋರ್‌ಸ್ಕೋಪ್ ತೂರಿಸಿಯೇ ನೋಡಬೇಕು. ಅಂಥ ಬ್ಲಾಕಿಗೆ ಬರೀ ರಿಂಗ್ ಹಾಕಿ ಹೋನ್ ಮಾಡಿಸಿದರೆ (ಬೋರಿನ ಮೈಯನ್ನು ಕಲ್ಲಿನಿಂದ ಉಜ್ಜಿಸಿದರೆ) ರಿಪೇರಿ ಅನ್ನಿಸಿಕೊಳ್ಳುವುದಿಲ್ಲ, ನಿಕಾಸಿಲ್ ಎಂಬ ಗಟ್ಟಿ ನಿಕಲ್ ಲೇಪದ ಸ್ಲೀವ್ ಕೂರಿಸಬೇಕು. ಅದೇ ಮಾದರಿಯ ಹಳೇ ಎಂಜಿನ್ ತಂದು ಕೂರಿಸಿದರೆ ಅದೇ ಕಾಯಿಲೆಯನ್ನೂ ಕೊಂಡು ತಂದಂತೆ, ಅದಕ್ಕೇ ಇಲ್ಲಿ ರಿಬಿಲ್ಡ್ ಕಡೆಗೇ ನನ್ನ ಒಲವು. ಬಿಎಂಡಬ್ಲ್ಯು ಎಂ3ಯ ಎಸ್65 ವಿ8 ಬೇರೆ ಥರ. ರಾಡ್ ಬೇರಿಂಗ್ ಸವೆತ ಬೇಗ ಕಂಡುಬಿಟ್ಟರೆ ಎಂಜಿನ್ ಕಾರಿನಲ್ಲೇ ಇದ್ದು, ಸಬ್‌ಫ್ರೇಮ್ ಇಳಿಸಿ ಬೇರಿಂಗ್ ಮತ್ತು ಬೋಲ್ಟ್ ಬದಲಿಸಿದರೆ ಸಾಕು. ಮಾಜ್ದಾ ಆರ್‌ಎಕ್ಸ್-7ರ ರೋಟರಿ 13ಬಿಯಲ್ಲಿ ಅಪೆಕ್ಸ್ ಸೀಲ್ (ತ್ರಿಕೋನ ರೋಟರಿನ ತುದಿಯ ಪಟ್ಟಿ) ಮುರಿದರೆ ಆ ಚೂರು ರೋಟರ್ ಹೌಸಿಂಗ್‌ನ ಕ್ರೋಮ್ ಮೈಯನ್ನು ಕೆರೆದು, ಟರ್ಬೋ ಇದ್ದರೆ ಅದರ ಚಕ್ರಕ್ಕೂ ಬಡಿದು ಹೊರಬೀಳುತ್ತದೆ. ಹೌಸಿಂಗ್ ಅನ್ನು ಪಿಸ್ಟನ್ ಬ್ಲಾಕಿನಂತೆ ಓವರ್‌ಸೈಜ್ ಬೋರ್ ಮಾಡಿಸಲು ಆಗದು. ಹೌಸಿಂಗ್ ಸಿಕ್ಕಿದರಷ್ಟೇ ಆ ರಿಬಿಲ್ಡ್‌ಗೆ ಅರ್ಥ.

ಬದಲಿ ಎಂಜಿನ್ ಅಂದರೂ ಒಂದೇ ವಸ್ತುವಲ್ಲ. ಕಂಪನಿಯಿಂದಲೇ ಬರುವ ಹೊಸ ಅಥವಾ ರೀಮ್ಯಾನುಫ್ಯಾಕ್ಚರ್ಡ್ (ಕಾರ್ಖಾನೆಯಲ್ಲೇ ಮತ್ತೆ ಕಟ್ಟಿದ) ಎಂಜಿನ್ ಸಿಕ್ಕರೆ, ವಾರಂಟಿ ಸಮೇತ ಅದು ಒಳ್ಳೆಯ ದಾರಿ. ಹಳೇ ಎಂಜಿನ್ ವಾಪಸ್ ಕೊಡುವ ತನಕ ಠೇವಣಿ ಇಡಬೇಕಾಗುತ್ತದೆ, ಬ್ಲಾಕಿನಲ್ಲಿ ತೂತಿದ್ದರೆ ಆ ಠೇವಣಿ ಕೈಬಿಟ್ಟಂತೆಯೇ. ಶಾರ್ಟ್ ಬ್ಲಾಕ್ ಅಂದರೆ ಬ್ಲಾಕ್, ಕ್ರ್ಯಾಂಕ್, ಪಿಸ್ಟನ್ ಅಷ್ಟೇ. ಹೆಡ್ ನಿಮ್ಮದೇ ಹಳೆಯದು. ಹಳೇ ಕಾರಿನಿಂದ ಬರುವ ಎಂಜಿನ್ ಅಗ್ಗ, ಆದರೆ ನೆಲದ ಮೇಲಿರುವಾಗಲೇ ಲೀಕ್‌ಡೌನ್ ಮಾಡಿ, ಸಂಪ್ ತೆಗೆದು ಒಂದೆರಡು ಕ್ಯಾಪ್ ಬಿಚ್ಚಿ ನೋಡಲು ಒಪ್ಪದವರಿಂದ ಕೊಳ್ಳಬೇಡಿ. ವಾರಂಟಿ ಚೀಟಿಯಲ್ಲಿ ಎಂಜಿನ್‌ಗೆ ಮಾತ್ರವೋ, ಇಳಿಸಿ ಏರಿಸುವ ಕೂಲಿಗೂ ಸೇರಿಯೋ ಎಂದು ಓದಿ. ಸಾಮಾನ್ಯವಾಗಿ ಕೂಲಿ ಸೇರಿರುವುದಿಲ್ಲ, ಎಂಜಿನ್ ಮತ್ತೆ ಇಳಿಸಬೇಕಾಗಿ ಬಂದರೆ ದೊಡ್ಡ ಖರ್ಚು ಅದೇ. ಏರಿಸುವ ಮೊದಲು ರಿಯರ್ ಮೇನ್ ಸೀಲ್, ವಾಟರ್ ಪಂಪ್, ಥರ್ಮೋಸ್ಟಾಟ್, ಪ್ಲಗ್, ಬೆಲ್ಟ್, ಮೌಂಟ್, ಕ್ಲಚ್ ಬದಲಿಸಿ, ಆಗ ಕೈಗೆ ಸಿಗುವಷ್ಟು ಸುಲಭವಾಗಿ ಅವು ಮತ್ತೆಂದೂ ಸಿಗುವುದಿಲ್ಲ. ಅದೇ ವರ್ಷದ, ಅದೇ ಸೆನ್ಸರ್‌ಗಳ ಎಂಜಿನ್ ಅಲ್ಲದಿದ್ದರೆ ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ತಕರಾರು ತೆಗೆಯುತ್ತದೆ. ಬೇರೆ ಜಾತಿಯ ಎಂಜಿನ್ ಹಾಕುವ ಆಸೆಯಿದ್ದರೆ ಎಂಜಿನ್ ಬೆಲೆ ನೋಡಿ ಹಿಗ್ಗಬೇಡಿ. ಮೌಂಟ್, ವೈರಿಂಗ್, ಪ್ರೊಪೆಲ್ಲರ್ ಶಾಫ್ಟ್, ಕೂಲಿಂಗ್, ನೋಂದಣಿ ಇವೇ ಅದನ್ನು ಮೀರಿಸುತ್ತವೆ.

ಕಾರು ಸಂಗ್ರಹಯೋಗ್ಯವಾದದ್ದಾದರೆ ಮೂಲ ಎಂಜಿನ್ ನಂಬರಿಗೆ ಬೆಲೆಯಿದೆ. ಬದಲಿ ಹಾಕಿದರೂ ಆ ಹಳೇ ಬ್ಲಾಕನ್ನು ಗುಜರಿಗೆ ಕೊಡದೆ ಎಣ್ಣೆ ಸವರಿ ಇಟ್ಟುಕೊಳ್ಳಿ.

ಯಾವ ದಾರಿ ಹಿಡಿದರೂ ಜನ ಎಡವುವುದು ಒಂದೇ ಕಡೆ. ಹಳೇ ಎಂಜಿನ್‌ನ ಲೋಹದ ಪುಡಿ ಆಯಿಲ್ ಕೂಲರ್‌ನಲ್ಲಿ, ಆಯಿಲ್ ಪೈಪಿನಲ್ಲಿ, ಡ್ರೈ ಸಂಪ್ ಟ್ಯಾಂಕಿನಲ್ಲಿ (ಆಯಿಲ್ ಅನ್ನು ಎಂಜಿನ್ ಹೊರಗೆ ಇಡುವ ಟ್ಯಾಂಕ್), ಟರ್ಬೋ ಇದ್ದರೆ ಅದರ ಬೇರಿಂಗಿನಲ್ಲಿ ಕೂತಿರುತ್ತದೆ. ಕೂಲರಿನ ಸಣ್ಣ ಸಣ್ಣ ದಾರಿಗಳನ್ನು ಪೆಟ್ರೋಲ್ ಹುಯ್ದು ತೊಳೆದರೂ ನಂಬುವಂತಿಲ್ಲ, ಹೊಸದೇ ಹಾಕಬೇಕು. ವೇರಿಯಬಲ್ ವಾಲ್ವ್ ಟೈಮಿಂಗ್ ಸೊಲೆನಾಯ್ಡ್‌ಗಳ ಜಾಲರಿಯನ್ನೂ ಬಿಚ್ಚಿ ನೋಡಿ. ಎಷ್ಟೋ ಹೊಸ ಎಂಜಿನ್‌ಗಳು ಹಳೆಯದರ ಪುಡಿ ಕುಡಿದೇ ಸತ್ತಿವೆ.

ರಿಬಿಲ್ಡ್ ಎಂದು ಖಾತ್ರಿಯಾದರೆ ಮೆಷಿನ್ ಶಾಪಿಗೆ ಕೊಡುವಾಗ ಅಳತೆ ಬರೆದುಕೊಡಲು ಹೇಳಿ. ಪಿಸ್ಟನ್ ಮೊದಲು ತರಿಸಿ, ಅದರ ಅಳತೆಗೆ ಬೋರ್ ಆಮೇಲೆ. ಹೋನ್ ಮಾಡುವಾಗ ಟಾರ್ಕ್ ಪ್ಲೇಟ್ (ಹೆಡ್ ಬದಲಿಗೆ ಕೂರಿಸುವ ದಪ್ಪ ತಟ್ಟೆ) ಬಿಗಿದಿರಬೇಕು, ಇಲ್ಲವಾದರೆ ಹೆಡ್ ಬೋಲ್ಟ್ ಬಿಗಿದಾಗ ಬೋರ್ ಅಂಡಾಕಾರಕ್ಕೆ ತಿರುಗುತ್ತದೆ. ರಿಂಗ್ ಸಂದನ್ನು ಪ್ರತಿ ಬೋರಿನಲ್ಲೂ ಫೀಲರ್ ಗೇಜ್ ಹಾಕಿ ಅಳೆಯಿರಿ: 86 ಮಿ.ಮೀ. ಬೋರಿಗೆ ಟರ್ಬೋ ಇಲ್ಲದಿದ್ದರೆ ಸುಮಾರು 0.35, ಟರ್ಬೋ ಇದ್ದರೆ 0.43 ಮಿ.ಮೀ. ಅಥವಾ ಮೇಲೆ. ಕಡಿಮೆಯಾದರೆ ಬಿಸಿಗೆ ತುದಿಗಳು ಒಂದಕ್ಕೊಂದು ತಾಗಿ ಪಿಸ್ಟನ್ ಒಡೆಯುತ್ತದೆ. ಬಿಗಿಯುವಾಗಲೇ ಶಾಶ್ವತವಾಗಿ ಹಿಗ್ಗುವ ಥರದ ಹೆಡ್ ಮತ್ತು ರಾಡ್ ಬೋಲ್ಟ್‌ಗಳನ್ನು ಮತ್ತೆ ಹಾಕಬೇಡಿ.

ಸ್ಟಾರ್ಟ್ ಮಾಡುವ ದಿನ ಪ್ಲಗ್ ತೆಗೆದು, ಇಂಧನ ಕಡಿದು, ಗೇಜಿನಲ್ಲಿ ಆಯಿಲ್ ಪ್ರೆಶರ್ ಕಾಣುವ ತನಕ ಸ್ಟಾರ್ಟರಿನಲ್ಲೇ ತಿರುಗಿಸಿ, ಒಂದೊಂದು ಸಲಕ್ಕೆ ಹತ್ತು ಸೆಕೆಂಡು, ನಡುವೆ ಮೋಟರ್ ತಣಿಯಲು ಬಿಡುವು. ಹತ್ತಿದ ಮೇಲೆ ಸುಮ್ಮನೆ ಐಡಲ್‌ನಲ್ಲಿ ಬಿಡಬೇಡಿ. ಸೋರಿಕೆ ನೋಡಿ, ರಸ್ತೆಗೆ ತೆಗೆದು, ಮಧ್ಯಮ ಲೋಡ್ ಕೊಟ್ಟು, ಆಮೇಲೆ ಕಾಲು ತೆಗೆದು ವೇಗ ಗೇರಿನಲ್ಲೇ ಇಳಿಯಲು ಬಿಡಿ. ರಿಂಗ್ ಕೂರುವುದು ಆ ಏರಿಳಿತದಿಂದ. ಮೊದಲ ಅರ್ಧ ಗಂಟೆಯ ಓಟದ ನಂತರ ಆಯಿಲ್ ಇಳಿಸಿ ಫಿಲ್ಟರ್ ತೆಗೆಯಿರಿ. ಅದನ್ನೂ ಕತ್ತರಿಸಿ, ಹಿಂಡಿ, ಬಿಳಿ ಹಾಳೆಯ ಮೇಲೆ ಹರಡಿ. ನಯವಾದ ಬೂದು ಪುಡಿ ಸ್ವಲ್ಪ ಕಂಡರೆ ಪರವಾಗಿಲ್ಲ, ಅದು ರಿಂಗ್ ಕೂರುವಾಗಿನದು. ತಾಮ್ರದ ಬಣ್ಣದ ಚೂರು ಒಂದೇ ಒಂದು ಕಂಡರೂ ಕಾರು ಅಲ್ಲೇ ನಿಲ್ಲಲಿ, ಸಂಪ್ ಮತ್ತೆ ಇಳಿಯಲಿ.