ಹನ್ನೊಂದು ಗಂಟೆ ಅಂದರೆ ಯಾರ ಹನ್ನೊಂದು?

2024ರ ಅಕ್ಟೋಬರ್. ಶುಕ್ರವಾರ ಬೆಳಿಗ್ಗೆ 8:04ಕ್ಕೆ ನನ್ನ ಫೋನ್ ರಿಂಗಾಯಿತು. ನಮ್ಮ ವಾಲಿಬಾಲ್ ಹುಡುಗಿ, ಪೂರ್ವ ಕರಾವಳಿಯ ಹೋಟೆಲಿನಿಂದ. "ಮಿಡ್‌ಟರ್ಮ್ ಲಿಂಕ್ ತೆರೀತಿಲ್ಲ."

ನಾನು ಅಮೆರಿಕದ ಪಶ್ಚಿಮ ಭಾಗದ ಒಂದು ಯೂನಿವರ್ಸಿಟಿಯಲ್ಲಿ ಅಥ್ಲೀಟ್‌ಗಳ ಅಕಡೆಮಿಕ್ ಅಡ್ವೈಸರ್. ಪರೀಕ್ಷೆಯ ಹೊತ್ತಲ್ಲಿ ಬೇರೇನೂ ತೆರೆಯದಂತೆ ತಡೆಯುವ ಲಾಕ್‌ಡೌನ್ ಬ್ರೌಸರ್ ಕೈಕೊಡೋದು ನಮಗೆ ಹೊಸದಲ್ಲ. ಲ್ಯಾಪ್‌ಟಾಪ್ ರೀಸ್ಟಾರ್ಟ್ ಮಾಡು ಅಂದೆ. ಆಗಲಿಲ್ಲ. ಇನ್ನೊಮ್ಮೆ ಮಾಡಿಸಿದೆ. ಐಟಿಯವರನ್ನೂ ಲೈನಿಗೆ ತಗೊಂಡೆ. ಹದಿಮೂರು ನಿಮಿಷ ಹೀಗೇ ಹೋಯಿತು. ಕೊನೆಗೆ ಅವಳು ಸ್ಕ್ರೀನ್‌ಶಾಟ್ ಕಳಿಸಿದಳು. ಅದರ ಮೂಲೆಯಲ್ಲಿ 11:17. ನನ್ನ ಗೋಡೆಯ ಗಡಿಯಾರದಲ್ಲಿ 8:17.

ಮೈ ತಣ್ಣಗಾಯಿತು. ಟೀಮಿನ ಜೊತೆ ಹೊರಟವರ ಪರೀಕ್ಷೆಯ ವೇಳೆ ತಿಳಿಸುವ ಟ್ರಾವೆಲ್ ಲೆಟರಿನಲ್ಲಿ ನಾನು ಬರೆದದ್ದು ಬರೀ "11:00". ಪ್ರೊಫೆಸರ್ ನಮ್ಮ ಊರಿನ ಹನ್ನೊಂದಕ್ಕೆ ಲಿಂಕ್ ಇಟ್ಟಿದ್ದರು. ಟೀಮಿನವರು ಅಲ್ಲಿಯ ಹನ್ನೊಂದಕ್ಕೆ ರೂಮ್ ಬುಕ್ ಮಾಡಿ, ಪರೀಕ್ಷೆ ಕಾಯಲು ಒಬ್ಬ ಪ್ರಾಕ್ಟರ್ ಕೂರಿಸಿದ್ದರು. ಲಿಂಕ್ ತೆರೆಯುವ ಹೊತ್ತಿಗೆ ಅಲ್ಲಿ ಮಧ್ಯಾಹ್ನ 2. ಪರೀಕ್ಷೆ ಮುಗಿಯುವುದು 3:50ಕ್ಕೆ. ಬಸ್ಸು ಹೊರಡುವುದು 3:15ಕ್ಕೆ. ಮ್ಯಾಚ್ 5:30ಕ್ಕೆ.

ಅಮ್ಮನಿಗೆ ಫೋನ್ ಮಾಡುವ ಮೊದಲು ದಿನಾ ಹನ್ನೆರಡೂವರೆ ಗಂಟೆಯ ಲೆಕ್ಕ ಹಾಕುವವಳು ನಾನು. ಮೂರು ಗಂಟೆ ಹೇಗೆ ಮರೆತೆ?

ನಾವು ಪ್ಯಾಕ್-12ರಲ್ಲಿ, ಅಂದರೆ ತಮ್ಮತಮ್ಮಲ್ಲೇ ಆಡುವ ಪಶ್ಚಿಮದ ಹನ್ನೆರಡು ಯೂನಿವರ್ಸಿಟಿಗಳ ಕಾನ್ಫರೆನ್ಸಿನಲ್ಲಿ, ಇದ್ದ ಕಾಲದಲ್ಲಿ ಇದರ ಅಗತ್ಯವೇ ಬಿದ್ದಿರಲಿಲ್ಲ. ಯೂಟಾ, ಕೊಲೊರಾಡೊ ಕಡೆ ಹೋದರೆ ಒಂದು ಗಂಟೆ ಆಚೀಚೆ, ಅದನ್ನು ಬಾಯಲ್ಲಿ ಹೇಳಿ ಮುಗಿಸುತ್ತಿದ್ದೆವು. ಆಮೇಲೆ 2022ರ ಜೂನ್ 30ರಂದು ಲಾಸ್ ಏಂಜಲೀಸ್‌ನ ಯುಎಸ್‌ಸಿ, ಯುಸಿಎಲ್‌ಎ ಎರಡೂ ದೇಶದ ಮಧ್ಯ ಮತ್ತು ಪೂರ್ವ ಭಾಗದ ಬಿಗ್ ಟೆನ್ ಕಾನ್ಫರೆನ್ಸಿಗೆ ಹೊರಡುವುದಾಗಿ ಹೇಳಿದವು. ಮರುವರ್ಷದ ಬೇಸಿಗೆಯಲ್ಲಿ ಇನ್ನೂ ಎಂಟು ಒಂದರ ಹಿಂದೊಂದು ಅದೇ ದಾರಿ ಹಿಡಿದವು. ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್ ಮತ್ತು ಕ್ಯಾಲ್ (ಬರ್ಕ್ಲಿ) ಸೇರಿದ್ದು ಅಟ್ಲಾಂಟಿಕ್ ಹೆಸರಿನ ಕಾನ್ಫರೆನ್ಸಿಗೆ! ಹತ್ತು ಯೂನಿವರ್ಸಿಟಿಗಳು ಹೋದ ಮೇಲೆ ಒರೆಗಾನ್ ಸ್ಟೇಟ್, ವಾಷಿಂಗ್ಟನ್ ಸ್ಟೇಟ್ ಎರಡೇ ಉಳಿದವು. ಹೋದ ಹತ್ತರಲ್ಲಿ ನಮ್ಮದೂ ಒಂದು.

ಎಲ್ಲ ಅಮೆರಿಕನ್ ಫುಟ್‌ಬಾಲಿನ ಟಿವಿ ದುಡ್ಡಿಗಾಗಿ. ಬಿಗ್ ಟೆನ್ ಒಂದೇ 2022ರಲ್ಲಿ ಏಳು ವರ್ಷಕ್ಕೆ 700 ಕೋಟಿ ಡಾಲರ್‌ಗೂ ಜಾಸ್ತಿಯ ಒಪ್ಪಂದ ಮಾಡಿಕೊಂಡಿತು. ಆ ದುಡ್ಡಿಲ್ಲದೆ ಸಣ್ಣ ಆಟಗಳೂ ನಡೆಯುವುದಿಲ್ಲ, ಅದನ್ನು ಒಪ್ಪುತ್ತೇನೆ. ಆದರೆ ಫುಟ್‌ಬಾಲ್ ಹುಡುಗರು ವಾರಕ್ಕೊಂದು ಮ್ಯಾಚ್ ಆಡುತ್ತಾರೆ, ಅದೂ ಹೆಚ್ಚಾಗಿ ಶನಿವಾರ. ಚಾರ್ಟರ್ ವಿಮಾನದಲ್ಲಿ ಹೋಗಿ ಬರುತ್ತಾರೆ. ವಾಲಿಬಾಲ್‌ನವರದು ವಾರಕ್ಕೆ ಎರಡು ಮ್ಯಾಚ್. ನಮ್ಮಲ್ಲಿ ಅವರು ಮಾಮೂಲಿ ಫ್ಲೈಟ್ ಹಿಡಿದು, ನಡುವೆ ಇಳಿದು ಹತ್ತಿ, ಸೋಮವಾರದ ಲ್ಯಾಬಿಗೆ ನಿದ್ದೆಗಣ್ಣಲ್ಲಿ ಬರುತ್ತಾರೆ. ಫುಟ್‌ಬಾಲಿಗಾಗಿ ಮಾಡಿದ ನಿರ್ಧಾರದ ಭಾರ ಹೊರುವವರು ಇವರೇ ಅಲ್ವಾ?

ಹೊಸ ಕಾನ್ಫರೆನ್ಸಿಗಾಗಿ ಜೆರ್ಸಿಯ ಪ್ಯಾಚ್ ಬದಲಾಯಿತು, ಕೋರ್ಟಿನ ಲೋಗೋ ಬದಲಾಯಿತು. ಟ್ರಾವೆಲ್ ಲೆಟರಿನ ಟೆಂಪ್ಲೇಟ್ ಮಾತ್ರ ಹಳೆಯದೇ. ಇದಕ್ಕೆ ಮ್ಯಾನೇಜ್‌ಮೆಂಟನ್ನು ದೂರುವಂತಿಲ್ಲ. ಜುಲೈ ಮೀಟಿಂಗಿನಲ್ಲಿ, ನಿಯಮ ಪಾಲನೆ ನೋಡಿಕೊಳ್ಳುವ ಕಂಪ್ಲಯನ್ಸ್ ವಿಭಾಗದ ಗೆಳತಿ ಟೈಮ್ ಝೋನ್‌ಗೆ ಒಂದು ಕಾಲಂ ಸೇರಿಸೋಣ ಅಂದಿದ್ದಳು. "ಸುಮ್ನೆ ಫಾರ್ಮ್ ಉದ್ದ ಆಗುತ್ತೆ, ಎಲ್ಲರಿಗೂ ಗೊತ್ತಿರುತ್ತೆ" ಅಂದವಳು ನಾನೇ.

ಪ್ರೊಫೆಸರ್ ಕ್ಲಾಸಿನಲ್ಲಿದ್ದರು. 8:40ಕ್ಕೆ ಉತ್ತರ ಬಂತು: ಬೇಗ ತೆರೆಯಲಾಗದು, ಇಡೀ ಕ್ಲಾಸಿಗೆ ಅದೇ ಪೇಪರ್. ಅವರು ಹೇಳಿದ್ದು ಸರಿಯೇ. ಕೋಚ್‌ಗೆ ಫೋನ್ ಮಾಡಿ ನನ್ನ ತಪ್ಪು ಅಂತ ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ, "ಪರೀಕ್ಷೆ ಬರೆಯಲಿ" ಅಂದರು.

ಬಸ್ಸು ಅವಳನ್ನು ಬಿಟ್ಟು ಹೋಯಿತು. ಅಸಿಸ್ಟೆಂಟ್ ಕೋಚ್ ಜೊತೆ ಕ್ಯಾಬಿನಲ್ಲಿ ಅವಳು ಜಿಮ್ ತಲುಪಿದಾಗ 4:20 ದಾಟಿತ್ತು. ಮೊದಲ ಸೆಟ್ ಪೂರ್ತಿ ಬೆಂಚ್. ನಾನು ಆಫೀಸಿನಲ್ಲಿ ಸ್ಟ್ರೀಮ್ ನೋಡುತ್ತಾ ಕೂತಿದ್ದೆ. ಕ್ಯಾಮೆರಾ ಬೆಂಚಿನತ್ತ ತಿರುಗಿದಾಗಲೆಲ್ಲ ಅವಳು ಟವೆಲ್ ಹಿಡಿದು ಎದ್ದು ನಿಂತು, ಜೊತೆಗಾರ್ತಿಯರಿಗೆ ಚಪ್ಪಾಳೆ ತಟ್ಟುತ್ತಿದ್ದಳು. ಸೋಮವಾರ ಕ್ಷಮೆ ಕೇಳಿದೆ. "ಪರವಾಗಿಲ್ಲ, ಪೇಪರ್ ಚೆನ್ನಾಗಿ ಹೋಯಿತು" ಅಂದಳು. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ಈಗ ಲೆಟರಿನಲ್ಲಿ ಎರಡು ಕಾಲಂ ಇವೆ, ಇಲ್ಲಿಯ ಹೊತ್ತು, ಅಲ್ಲಿಯ ಹೊತ್ತು. ಹಿಂದಿನ ರಾತ್ರಿ ಪ್ರಾಕ್ಟರ್‌ಗೆ ನಾನೇ ಫೋನ್ ಮಾಡಿ ಎರಡನ್ನೂ ಅವರ ಬಾಯಿಂದ ಹೇಳಿಸುತ್ತೇನೆ. ಪ್ರಯಾಣ ಇಷ್ಟು ಹೆಚ್ಚಾಗಿದೆ, ಇನ್ನೊಬ್ಬ ಅಡ್ವೈಸರ್ ಕೊಡಿ ಅಂತ ಎರಡು ಸಲ ಬರೆದು ಕೊಟ್ಟಿದ್ದೇನೆ. ನಾವು ಇನ್ನೂ ಮೂವರೇ ಇದ್ದೇವೆ.