ಅಂಗಾತ ಈಜು ನೋಡಲು ನಾಲ್ಕು ಹೊಳೆ ದಾಟಿ

2024ರ ಜುಲೈ 30ರ ಮಧ್ಯಾಹ್ನ ಉಡುಪಿಯಲ್ಲಿ ಮಂಗಳೂರಿನ ಎಕ್ಸ್‌ಪ್ರೆಸ್ ಬಸ್ ಹತ್ತಿದ ನಾನು, ಪ್ಯಾರಿಸ್ ಒಲಿಂಪಿಕ್ಸ್ ನೋಡಲು ಹೊರಟಿದ್ದೇನೆಂದು ಕಂಡಕ್ಟರಿಗೆ ಹೇಳಿದ್ದರೆ ಆತ ನಕ್ಕುಬಿಡುತ್ತಿದ್ದ. ಮಾತು ಸುಳ್ಳೇನೂ ಆಗುತ್ತಿರಲಿಲ್ಲ. ಮಂಗಳೂರಿನಲ್ಲಿರುವ ನನ್ನ ತಂಗಿಯ ಮಗಳು ಹದಿಮೂರರ ಹುಡುಗಿ. ಮೂರು ವರ್ಷದಿಂದ ಬ್ಯಾಕ್‌ಸ್ಟ್ರೋಕ್, ಅಂದರೆ ಅಂಗಾತ ಈಜು, ಅಭ್ಯಾಸ ಮಾಡುತ್ತಿರುವ ಅವಳು, ಆ ರಾತ್ರಿಯ ಮಹಿಳೆಯರ 100 ಮೀಟರ್ ಬ್ಯಾಕ್‌ಸ್ಟ್ರೋಕ್ ಫೈನಲನ್ನು ದೊಡ್ಡಮ್ಮ ತನ್ನ ಜೊತೆ ಕೂತೇ ನೋಡಬೇಕೆಂದು ವಾರದಿಂದ ಹಟ ಹಿಡಿದಿದ್ದಳು.

ಆಟಿಯ ಮಳೆ ಒಂದೇ ಸಮನೆ ಹೊಯ್ಯುತ್ತಿತ್ತು. ಅಂದೇ ನಸುಕಿನಲ್ಲಿ ವಯನಾಡಿನಲ್ಲಿ ಗುಡ್ಡ ಕುಸಿದು ಊರುಗಳೇ ಕೊಚ್ಚಿಹೋಗಿದ್ದವು. ಬಸ್ಸಿನಲ್ಲಿ ಎಲ್ಲರ ಮೊಬೈಲಿನಲ್ಲೂ ಅದೇ ಸುದ್ದಿ ಓಡುತ್ತಿತ್ತು. ಈಜಿನ ಸ್ಪರ್ಧೆ ನೋಡಲು ಹೊರಟ ನನಗೆ ಒಳಗೊಳಗೇ ನಾಚಿಕೆಯೆನಿಸಿತು. ಉದ್ಯಾವರದ ಹೊಳೆ, ಹೆಜಮಾಡಿ ದಾಟಿದ ಮೇಲೆ ಶಾಂಭವಿ, ಪಾವಂಜೆಯಲ್ಲಿ ನಂದಿನಿ, ಕೂಳೂರಿನಲ್ಲಿ ಫಲ್ಗುಣಿ, ಹೀಗೆ ದಾಟಿದ ನಾಲ್ಕೂ ಹೊಳೆಗಳು ಕೆಂಪು ನೀರು ತುಂಬಿಕೊಂಡು ದಡಕ್ಕೆ ಒತ್ತಿಕೊಂಡೇ ಹರಿಯುತ್ತಿದ್ದವು. ನಮ್ಮ ಬಾಲ್ಯದಲ್ಲಿ ಗಂಡುಹುಡುಗರು ಇಂಥ ಹೊಳೆಗಳಲ್ಲೇ ಈಜು ಕಲಿತರು. ನಾವು ಹೆಣ್ಣುಮಕ್ಕಳು ದಡದಲ್ಲಿ ನಿಂತು ಅವರ ಬಟ್ಟೆ ಕಾದೆವು.

ತಂಗಿ ಪತ್ರೊಡೆ ಮಾಡಿದ್ದಳು. ಊಟವಾದ ಮೇಲೆ ಫೈನಲಿಗೆ ಇನ್ನೂ ಮೂರು ಗಂಟೆ ಇತ್ತು, ಏಕೆಂದರೆ ಪ್ಯಾರಿಸ್ಸಿನ ಗಡಿಯಾರ ನಮ್ಮದಕ್ಕಿಂತ ಮೂರೂವರೆ ಗಂಟೆ ಹಿಂದಿತ್ತು. ಅಲ್ಲಿಯ ರಾತ್ರಿ ಒಂಬತ್ತೆಂದರೆ ಇಲ್ಲಿ ಹನ್ನೆರಡೂವರೆ. ಆ ಬಿಡುವಿನಲ್ಲಿ ಹುಡುಗಿ ನನಗೆ ಪಾಠ ಮಾಡಿದಳು. ಉಳಿದ ಈಜುಗಳಲ್ಲಿ ಕಟ್ಟೆಯ ಮೇಲಿನಿಂದ ನೀರಿಗೆ ಹಾರುತ್ತಾರೆ, ಇಲ್ಲಿ ನೀರಿನೊಳಗೇ ಇದ್ದು ಹಿಡಿಕೆ ಹಿಡಿದು ಹಿಂದಕ್ಕೆ ಚಿಮ್ಮಬೇಕು. ಅಂಗಾತ ಮಲಗಿ ಈಜುವವರಿಗೆ ಮುಂದಿನ ಗೋಡೆ ಕಾಣುವುದಿಲ್ಲವಾದ್ದರಿಂದ, ಎರಡೂ ತುದಿಗಳಲ್ಲಿ ಗೋಡೆಗೆ ಐದು ಮೀಟರ್ ಇರುವಂತೆ ಕೊಳದ ಮೇಲೆ ತೋರಣದ ಹಾಗೆ ಸಣ್ಣ ಬಾವುಟಗಳನ್ನು ಕಟ್ಟಿರುತ್ತಾರೆ. ಅದು ಕಣ್ಣಿಗೆ ಬಿದ್ದೊಡನೆ ಕೈ ಬೀಸುಗಳನ್ನು ಎಣಿಸಿ ತಿರುಗಬೇಕು. ಎಣಿಕೆ ತಪ್ಪಿದರೆ ತಲೆ ಗೋಡೆಗೆ. ತನ್ನ ನೆತ್ತಿಯ ಹಳೆಯ ಗಾಯದ ಗುರುತನ್ನು ಅವಳು ಹೆಮ್ಮೆಯಿಂದಲೇ ತೋರಿಸಿದಳು.

ಈ ಸ್ಪರ್ಧೆ ಒಲಿಂಪಿಕ್ಸಿನಲ್ಲಿ ಮೊದಲು ನಡೆದದ್ದು ಸರಿಯಾಗಿ ನೂರು ವರ್ಷಗಳ ಹಿಂದೆ, 1924ರಲ್ಲಿ, ಇದೇ ಪ್ಯಾರಿಸ್‌ನಲ್ಲಿ. ಅಮೆರಿಕದ ಸಿಬಿಲ್ ಬಾಯರ್ ಅಂದು 1 ನಿಮಿಷ 23.2 ಸೆಕೆಂಡಿನಲ್ಲಿ ಈಜಿ ಚಿನ್ನ ಗೆದ್ದರು. "ದೊಡ್ಡಮ್ಮ, ನನ್ನದು ಒಂದು ಇಪ್ಪತ್ತೊಂದು. ನಾನಾಗಿದ್ದರೆ ಅವರನ್ನು ಸೋಲಿಸುತ್ತಿದ್ದೆ," ಎಂದಳು. ಹಾಸಿಗೆ ಬಿಡಿಸುತ್ತಿದ್ದ ಅವಳಪ್ಪ, "ಹುಟ್ಟುವುದು ನೂರು ವರ್ಷ ತಡವಾಯಿತು" ಎಂದು ಹೇಳಿ ಮಲಗಲು ಹೋದರು.

ರಗ್ಬಿ ಆಡುವ ಲಾ ದೆಫಾನ್ಸ್ ಅರೀನಾದೊಳಗೆ ತಾತ್ಕಾಲಿಕವಾಗಿ ಕಟ್ಟಿದ ಕೊಳ ಪರದೆಯ ಮೇಲೆ ಮೂಡಿದಾಗ ಮನೆಯಲ್ಲಿ ಎಚ್ಚರವಿದ್ದವರು ನಾವಿಬ್ಬರೇ. ಟೋಕಿಯೊದಲ್ಲಿ ಚಿನ್ನ ಗೆದ್ದಿದ್ದ ಆಸ್ಟ್ರೇಲಿಯಾದ ಕೇಲೀ ಮೆಕ್‌ಕಿಯೋನ್ ಒಂದು ಕಡೆ, ಆಕೆಯ 57.33 ಸೆಕೆಂಡುಗಳ ವಿಶ್ವದಾಖಲೆಯನ್ನು ಜೂನ್ ತಿಂಗಳಲ್ಲಷ್ಟೇ 57.13ಕ್ಕೆ ಇಳಿಸಿದ್ದ ಅಮೆರಿಕದ ರೀಗನ್ ಸ್ಮಿತ್ ಇನ್ನೊಂದು ಕಡೆ. ಒಂದು ನಿಮಿಷವೂ ಹಿಡಿಯದ ಈ ಸ್ಪರ್ಧೆಯನ್ನು ವರ್ಣಿಸುವುದು ಕಷ್ಟ. ಎರಡನೆಯ 50 ಮೀಟರಿನಲ್ಲಿ ಮೆಕ್‌ಕಿಯೋನ್ ಮುಂದಕ್ಕೆ ಜಾರಿ ಬಂದರು. ಗಡಿಯಾರ ತೋರಿಸಿದ್ದು ಮತ್ತೆ ಅದೇ 57.33, ಈ ಬಾರಿ ಒಲಿಂಪಿಕ್ ದಾಖಲೆ. ಸ್ಮಿತ್ 57.66, ಮೂರನೆಯವರಾದ ಕ್ಯಾಥರಿನ್ ಬರ್ಕಾಫ್ 57.98.

ಬರ್ಕಾಫ್ ಎಂಬ ಹೆಸರು ಕೇಳಿದ್ದೇ ಹುಡುಗಿಗೆ ಇನ್ನೊಂದು ಕಥೆ ನೆನಪಾಯಿತು. ಆಕೆಯ ತಂದೆ ಡೇವಿಡ್ ಬರ್ಕಾಫ್ 1988ರ ಸೋಲ್ ಒಲಿಂಪಿಕ್ಸಿನಲ್ಲಿ ಇದೇ ದೂರದ ಪುರುಷರ ವಿಭಾಗದಲ್ಲಿ ಬೆಳ್ಳಿ ಗೆದ್ದವರು. ಆರಂಭದಲ್ಲಿ ನೀರಿನಡಿಯಲ್ಲೇ ಮೀನಿನ ಹಾಗೆ ಕಾಲು ಬಡಿಯುತ್ತ ಬಹುದೂರ ಸಾಗಿ ಮೇಲೇಳುವುದು ಅವರ ವಿದ್ಯೆಯಾಗಿತ್ತು. ಅದನ್ನು ಕಂಡು ಬೆಚ್ಚಿದ ಅಂತರರಾಷ್ಟ್ರೀಯ ಒಕ್ಕೂಟವು ನೀರಿನಡಿಯ ಈಜಿಗೆ ಮೊದಲು ಹತ್ತು ಮೀಟರಿನ, ಆಮೇಲೆ ಹದಿನೈದು ಮೀಟರಿನ ಮಿತಿ ಹಾಕಿತು. ಅಪ್ಪನಿಂದಾಗಿ ಬಂದ ನಿಯಮದೊಳಗೇ ಮಗಳು ಪದಕ ಗೆದ್ದಂತಾಯಿತು. ನನಗೆ ಆ ರಾತ್ರಿ ಚಿನ್ನಕ್ಕಿಂತ ಈ ಕಂಚೇ ಹೆಚ್ಚು ಹಿಡಿಸಿತು.

ಮರುದಿನ ಬೆಳಿಗ್ಗೆ ಮಳೆ ಸ್ವಲ್ಪ ಹಿಡಿದಾಗ ಹುಡುಗಿ ನನ್ನನ್ನು ಎಮ್ಮೆಕೆರೆಯ 50 ಮೀಟರ್ ಈಜುಕೊಳಕ್ಕೆ ಕರೆದೊಯ್ದಳು. ಮೆಕ್‌ಕಿಯೋನ್‌ಗೂ ಸ್ಮಿತ್‌ಗೂ ನಡುವೆ ಉಳಿದ 33 ನೂರಾಂಶ ಸೆಕೆಂಡು ಅಂದರೆ ನೀರಿನಲ್ಲಿ ಎಷ್ಟು ದೂರ ಎಂಬ ನನ್ನ ಪ್ರಶ್ನೆಗೆ ಅವಳು ಮೊಬೈಲಿನಲ್ಲಿ ಲೆಕ್ಕ ಹಾಕಿ, ಅರ್ಧ ಮೀಟರಿಗಿಂತ ತುಸು ಹೆಚ್ಚು ಎಂದು ಕೊಳದ ಅಂಚಿನಲ್ಲಿ ಕೈ ಚಾಚಿ ತೋರಿಸಿದಳು. ಮಲ್ಲಿಗೆಯನ್ನು ಮೊಳದಲ್ಲಿ ಅಳೆದು ರೂಢಿಯಿದ್ದ ನನಗೆ ಅದು ಹತ್ತಿರಹತ್ತಿರ ಒಂದೂಕಾಲು ಮೊಳ.

ಆಮೇಲೆ ಅವಳೇ ಇನ್ನೊಂದು ಅಳತೆಗೆ ಇಳಿದಳು. ಟೋಕಿಯೊದಲ್ಲಿ ನಮ್ಮ ಮಾನಾ ಪಟೇಲ್ ಇದೇ ದೂರವನ್ನು 1 ನಿಮಿಷ 5.20 ಸೆಕೆಂಡಿನಲ್ಲಿ ಈಜಿದ್ದರು. ಅಲ್ಲಿ ಮೆಕ್‌ಕಿಯೋನ್ ಚಿನ್ನ ಗೆದ್ದ ಸಮಯ 57.47. ಇಬ್ಬರೂ ಒಟ್ಟಿಗೆ ಈಜಿದ್ದರೆ ಒಬ್ಬರು ಗೋಡೆ ಮುಟ್ಟುವಾಗ ಇನ್ನೊಬ್ಬರು ಎಲ್ಲಿರುತ್ತಿದ್ದರು? ಗೋಡೆಯಿಂದ ಹೆಜ್ಜೆ ಎಣಿಸುತ್ತ ಬಾವುಟಗಳನ್ನು ದಾಟಿ ನಡೆದ ಅವಳು, ಹನ್ನೆರಡು ಮೀಟರಿನ ಹತ್ತಿರ ನಿಂತಳು. ಅಲ್ಲಿಂದ ಗೋಡೆಯನ್ನು ನೋಡಿದಳು. ಇನ್ನಷ್ಟು ಹಿಂದಕ್ಕೆ ಹೋಗಿ, "ನಾನು ಇಲ್ಲೆಲ್ಲೋ" ಎಂದು ಕೊಳದ ನಡುಮಧ್ಯದ ಕಡೆ ಕೈ ತೋರಿಸಿದಳು. ದನಿಯಲ್ಲಿ ಬೇಸರವಿರಲಿಲ್ಲ, ಲೆಕ್ಕವಿತ್ತು. ಟವೆಲನ್ನು ನನ್ನ ಕೈಗಿತ್ತು ನೀರಿಗಿಳಿದಳು.

ಸಂಜೆಯ ಬಸ್ಸಿನಲ್ಲಿ ಅದೇ ನಾಲ್ಕು ಹೊಳೆಗಳನ್ನು ತಿರುಗುಮುರುಗಾಗಿ ದಾಟಿ ಉಡುಪಿಗೆ ಬಂದೆ. ಆಗಸ್ಟ್ 4ರ ತಡರಾತ್ರಿ ಫೋನ್ ಹೊಡೆದುಕೊಂಡಿತು. ಸೋತಿದ್ದ ಸ್ಮಿತ್, ನಾಲ್ವರು ನಾಲ್ಕು ಬಗೆಯಲ್ಲಿ ಸರದಿಯಂತೆ ಈಜುವ ಮೆಡ್ಲೆ ರಿಲೇಯ ಮೊದಲ ಸರದಿಯಲ್ಲಿ 57.28ಕ್ಕೆ ಈಜಿ, ಐದೇ ದಿನಗಳ ಹಿಂದಿನ ಒಲಿಂಪಿಕ್ ದಾಖಲೆಯನ್ನು ಮುರಿದಿದ್ದರು. "ದೊಡ್ಡಮ್ಮ, ಮಲಗಿದ್ದಿರಾ?" ಎಂದು ಹುಡುಗಿ ಕೇಳಿದಳು. ಮಲಗಿರಲಿಲ್ಲ, ಒಬ್ಬಳೇ ಕೂತು ನೋಡುತ್ತಿದ್ದೆ.