ಸ್ಕೇಲ್ ಕೇಳಿ ಹಾಡಿದ ಸಂಜೆ

ಕೀಬೋರ್ಡ್ ನುಡಿಸುವವರು ಯಾವ ಸ್ಕೇಲ್, ಅಂದರೆ ಹಾಡಿನ ಶ್ರುತಿಯ ಎತ್ತರ, ಹಿಡಿದರೆ ಅದೇ ನನ್ನ ಸ್ಕೇಲ್. ಬಹಳ ವರ್ಷ ಹಾಗೇ ಹಾಡಿದೆ. ಮೈಕ್ ಸ್ಟ್ಯಾಂಡ್ ಎತ್ತರವಾಗಿದ್ದರೆ ಕತ್ತು ಚಾಚಿ ಹಾಡುತ್ತಿದ್ದೆ. ವಾದ್ಯಗಳ ಸದ್ದಿನಲ್ಲಿ ನನ್ನ ದನಿ ನನಗೇ ಕೇಳದಿದ್ದರೂ ಸುಮ್ನೆ ಇರುತ್ತಿದ್ದೆ. ಬಾಯಿ ಬಿಟ್ಟು ಕೇಳುವುದಕ್ಕಿಂತ ಕಷ್ಟಪಟ್ಟು ಹಾಡುವುದೇ ಸುಲಭ ಅನಿಸುತ್ತಿತ್ತು. ನಾಚಿಕೆ ಸ್ವಭಾವದವರಿಗೆ ಇದು ಗೊತ್ತಿರುತ್ತದೆ.

ರೆಕಾರ್ಡ್ ಆದ ಹಾಡು ಅದನ್ನು ಹಾಡಿದವರ ಗಂಟಲಿಗೆ ಹೊಂದಿಸಿದ್ದು. ಅದೇ ಎತ್ತರದಲ್ಲಿ ನಾನೂ ಹಾಡಲು ಹೋದರೆ ಪಲ್ಲವಿ ಹೇಗೋ ದಾಟುತ್ತಿತ್ತು. ಚರಣದಲ್ಲಿ ಮೇಲಿನ ಸ್ವರ ಬಂದಾಗ ಗಂಟಲು ಬಿಗಿದು ದನಿ ಒಡೆಯುತ್ತಿತ್ತು. "ಪಾಪ, ಹೆದರಿಬಿಟ್ಟಳು" ಅನ್ನುತ್ತಿದ್ದರು ಜನ. ಹೆದರಿಕೆ ಇತ್ತು, ನಿಜ. ಆದರೆ ಎಷ್ಟೋ ಸಲ ತೊಂದರೆ ಇದ್ದದ್ದು ಸ್ಕೇಲ್‌ನಲ್ಲಿ.

ಇದು ಗೊತ್ತಾಗಿದ್ದು ಹಾಡು ಕಲಿಸಿದ ಮೇಡಂ ಅವರಿಂದ. "ಮೊದಲು ನಿನ್ನ ದನಿಯನ್ನು ರೆಕಾರ್ಡ್ ಮಾಡಿ ಕೇಳು" ಅಂದರು. ಕೇಳಿದಾಗ ಅದು ನನ್ನದೇ ಅಂತ ನಂಬಲಾಗಲಿಲ್ಲ, ಅಷ್ಟು ತೆಳುವಾಗಿತ್ತು. ನಾವು ಮಾತಾಡುವಾಗ, ಹಾಡುವಾಗ ನಮ್ಮ ದನಿ ಗಾಳಿಯ ಮೂಲಕ ಮಾತ್ರವಲ್ಲ, ತಲೆಯ ಮೂಳೆಗಳ ಮೂಲಕವೂ ಕಿವಿ ಸೇರುತ್ತದೆ. ಆ ದಾರಿಯಲ್ಲಿ ಬರುವ ಕೆಳಗಿನ ನಾದ ರೆಕಾರ್ಡಿಂಗ್‌ನಲ್ಲಿ ಇರುವುದಿಲ್ಲ. ಮೇಡಂ ಇದನ್ನು ವಿವರಿಸಿದ ಮೇಲೆ ನನ್ನ ದನಿಯ ಜೊತೆ ರಾಜಿಯಾದೆ. ಎದುರು ಕೂತವರು ಕೇಳುತ್ತಿರುವುದು ಇದನ್ನೇ ಅಲ್ವಾ?

ಆಮೇಲೆ ಒಂದು ನೋಟ್‌ಬುಕ್ ಮಾಡಿದೆವು. ಒತ್ತಡವಿಲ್ಲದೆ ನಾನು ಮುಟ್ಟಬಹುದಾದ ಕೆಳಗಿನ ಸ್ವರ ಯಾವುದು, ಮೇಲಿನದು ಯಾವುದು? ಹಾಡಿನಲ್ಲಿ ತೀರಾ ಮೇಲೆ ಹೋಗುವ ಜಾಗ ಎಲ್ಲಿದೆ? ಎರಡನ್ನೂ ಹೋಲಿಸಿ ಪ್ರತಿ ಹಾಡಿನ ಮುಂದೆ ನನ್ನ ಸ್ಕೇಲ್ ಬರೆದಿಟ್ಟೆವು. ಸ್ಕೇಲ್ ಇಳಿಸಿದರೆ ಹಾಡಿನ ಅಂದ ಕೆಡುತ್ತದೆ ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಸ್ವರಗಳ ನಡುವಿನ ಅಂತರ ಹಾಗೇ ಇರುತ್ತದೆ, ಇಡೀ ಹಾಡು ಒಟ್ಟಿಗೆ ಕೆಳಗೆ ಬರುತ್ತದೆ ಅಷ್ಟೇ. ಆರಾಮಾಗಿ ಹಾಡಿದ ಸಾಲಿನಲ್ಲೇ ಭಾವ ಜಾಸ್ತಿ.

ನೋಟ್‌ಬುಕ್ ಇದ್ದರೆ ಸಾಲದು, ಅದರಲ್ಲಿ ಬರೆದದ್ದನ್ನು ಇನ್ನೊಬ್ಬರಿಗೆ ಹೇಳಬೇಕು. ಅದಕ್ಕೆ ಧೈರ್ಯ ಬಂದದ್ದು ಒಂದು ಸಣ್ಣ ಸಭೆಯ ಸಂಜೆ. ಸೌಂಡ್‌ಚೆಕ್ ನಡೆಯುತ್ತಿತ್ತು. ಬಾಯಿ ಒಣಗಿತ್ತು, ಎದೆ ಜೋರಾಗಿ ಬಡಿಯುತ್ತಿತ್ತು, ಅಂಗೈ ತಣ್ಣಗಾಗಿತ್ತು. ಇದೆಲ್ಲ ಅಡ್ರಿನಲಿನ್ ಎಂಬ ಹಾರ್ಮೋನಿನ ಕೆಲಸ ಅಂತ ತಿಳಿದಿದ್ದರೂ ಮೈ ಕೇಳಬೇಕಲ್ಲ. ಉಸಿರನ್ನು ನಿಧಾನವಾಗಿ, ಒಳಗೆ ಎಳೆದುಕೊಂಡಿದ್ದಕ್ಕಿಂತ ಹೆಚ್ಚು ಹೊತ್ತು ಹೊರಗೆ ಬಿಡುತ್ತಾ ನಿಂತೆ. ಮೊದಲ ಹಾಡಿನ ಶ್ರುತಿ ಬಂತು. ನನಗೆ ಎತ್ತರವಾಗಿತ್ತು.

"ಸರ್, ಸ್ವಲ್ಪ ಸ್ಕೇಲ್ ಇಳಿಸ್ತೀರಾ?"

ಕೀಬೋರ್ಡ್ ನುಡಿಸುವವರು ತಲೆ ಎತ್ತಿ ನೋಡಿದರು. "ಯಾವುದು ಬೇಕು ಮೇಡಂ?"

"ಡಿ."

"ಆಗ್ಲಿ." ಒಂದು ಬಟನ್ ಒತ್ತಿದರು. ಮುಗಿಯಿತು. ವರ್ಷಗಟ್ಟಲೆ ನಾನು ಹೆದರಿದ್ದ ಮಾತುಕತೆ ಇಷ್ಟೇ ಇತ್ತು.

ಒಂದು ಕೇಳಿದ ಮೇಲೆ ಇನ್ನೊಂದು ಕೇಳುವುದು ಕಷ್ಟವಾಗಲಿಲ್ಲ. ಸ್ಟ್ಯಾಂಡ್ ತಗ್ಗಿಸಿಕೊಂಡೆ. ಮಾನಿಟರ್‌ನಲ್ಲಿ, ಅಂದರೆ ಹಾಡುವವರ ಕಡೆ ತಿರುಗಿಸಿಟ್ಟ ಸ್ಪೀಕರ್‌ನಲ್ಲಿ, ನನ್ನ ದನಿ ಏರಿಸಿ ಅಂದೆ. ಇದು ಸಣ್ಣ ವಿಷಯವಲ್ಲ. ಸುತ್ತ ಗದ್ದಲವಿದ್ದರೆ ನಮಗೆ ಗೊತ್ತಿಲ್ಲದೆಯೇ ನಾವು ದನಿ ಏರಿಸುತ್ತೇವೆ. ಎತಿಯೆನ್ ಲೊಂಬಾರ್ ಎಂಬ ಫ್ರೆಂಚ್ ವೈದ್ಯರು ಇದರ ಬಗ್ಗೆ 1911ರಲ್ಲೇ ಬರೆದಿದ್ದಾರೆ. ವೇದಿಕೆಯಲ್ಲೂ ಆಗುವುದು ಅದೇ. ತನ್ನ ದನಿ ಕೇಳದ ಗಾಯಕಿ ಕೂಗುತ್ತಾಳೆ, ಕೂಗಿದರೆ ಗಂಟಲು ಬೇಗ ದಣಿಯುತ್ತದೆ, ಶ್ರುತಿಯೂ ಜಾರುತ್ತದೆ.

ಆ ಸಂಜೆ ನನ್ನ ದನಿ ನನಗೆ ಸ್ಪಷ್ಟವಾಗಿ ಕೇಳುತ್ತಿತ್ತು. ಮೊದಲ ಸಾಲಿನಲ್ಲಿ ನಡುಕವಿತ್ತು. ಎರಡನೇ ಸಾಲಿಗೆ ಉಸಿರು ಹೊಟ್ಟೆಗಿಳಿಯಿತು. ಮೆಲ್ಲಗೆ ಹಾಡುವ ಜಾಗದಲ್ಲಿ ಮೈಕ್‌ಗೆ ಹತ್ತಿರ ಹೋದೆ, ದನಿ ತುಂಬಿಕೊಂಡು ಬಂತು. ಏರುವ ಜಾಗದಲ್ಲಿ ಸ್ವಲ್ಪ ಹಿಂದೆ ಸರಿದೆ. ಚರಣದ ಮೇಲಿನ ಸ್ವರದಲ್ಲಿ ನಿಲ್ಲಲು ಸಾಧ್ಯವಾಯಿತು. ಅಲ್ಲಿ ನಿಂತು ಜನರ ಕಡೆ ನೋಡಿದೆ. ಯಾರ ಮುಖದಲ್ಲೂ ನನ್ನ ತಪ್ಪು ಹುಡುಕುವ ಆತುರ ಕಾಣಲಿಲ್ಲ. ಮುಂದಿನ ಸಾಲಿನಲ್ಲಿ ಕೂತಿದ್ದ ಹಿರಿಯರೊಬ್ಬರು ತೊಡೆಯ ಮೇಲೆ ತಾಳ ಹಾಕುತ್ತಾ ತಮ್ಮಷ್ಟಕ್ಕೆ ತಾವೇ ಹಾಡಿಕೊಳ್ಳುತ್ತಿದ್ದರು.

ಈಗ ಸಣ್ಣಪುಟ್ಟ ಕಾರ್ಯಕ್ರಮಗಳಿಗೆ ನನ್ನನ್ನು ಕರೆಯುತ್ತಾರೆ. ಎದೆ ಬಡಿತ ಹೋಗಿಲ್ಲ. ಅದು ಹೋಗಬೇಕು ಅಂತ ಕಾಯುವುದನ್ನು ಬಿಟ್ಟಿದ್ದೇನೆ. ಅಮೆರಿಕದ ಬಾರ್ಬ್ರಾ ಸ್ಟ್ರೈಸ್ಯಾಂಡ್ ಅಂಥ ದೊಡ್ಡ ಗಾಯಕಿಯೇ 1967ರಲ್ಲಿ ನ್ಯೂಯಾರ್ಕ್‌ನ ಸೆಂಟ್ರಲ್ ಪಾರ್ಕ್‌ನಲ್ಲಿ ಹಾಡುವಾಗ ಸಾಲು ಮರೆತು, ಆ ಭಯಕ್ಕೆ ಎರಡು ದಶಕಕ್ಕೂ ಹೆಚ್ಚು ಕಾಲ ಟಿಕೆಟ್ ಇಟ್ಟ ಸಂಗೀತ ಕಾರ್ಯಕ್ರಮಗಳಿಂದ ಬಹುಮಟ್ಟಿಗೆ ದೂರ ಉಳಿದಿದ್ದರು. ಹಾಗಾಗಿ ಹಾಡಿನ ಸಾಲುಗಳನ್ನು ದೊಡ್ಡ ಅಕ್ಷರದಲ್ಲಿ ಬರೆದು ಸ್ಟ್ಯಾಂಡ್ ಮೇಲೆ ಇಟ್ಟುಕೊಳ್ಳಲು ನನಗೆ ಯಾವ ಸಂಕೋಚವೂ ಇಲ್ಲ.

ಬರುವ ಕಾರ್ಯಕ್ರಮಕ್ಕೆ, ಚರಣ ಉದ್ದಕ್ಕೂ ಮೇಲೇ ಓಡುವ ಒಂದು ಹಾಡನ್ನು ಆರಿಸಿಕೊಂಡಿದ್ದೇನೆ. ಇಷ್ಟು ದಿನ ಅದರ ತಂಟೆಗೇ ಹೋಗಿರಲಿಲ್ಲ. ವಾದ್ಯದವರ ಜೊತೆ ಇನ್ನೊಂದು ರಿಹರ್ಸಲ್ ಬೇಕು ಅಂತ ಕೇಳಿದೆ. ಒಪ್ಪಿದ್ದಾರೆ.